ಒತ್ತಿದಲ್ಲಿ ಏಳುವ ಗಂದೆ: ಅಲರ್ಜಿ ಮಾತ್ರೆ ಆರಿಸಿಕೊಳ್ಳುವ ಬಗೆ

ಮುಚ್ಚಳ ಹಾಕಿದ ಪೆನ್ನು ತೆಗೆದುಕೊಂಡು ಮುಂಗೈಯ ಒಳಬದಿಯಲ್ಲಿ ‘ಕ’ ಎಂದು ಬರೆಯಿರಿ. ಹೆಚ್ಚಿನವರಿಗೆ ತೆಳು ಕೆಂಪು ಗೆರೆಯೊಂದು ಮೂಡಿ ನೋಡನೋಡುತ್ತ ಮಾಸಿಹೋಗುತ್ತದೆ. ನನ್ನ ಕೈಯಲ್ಲಿ ಹಾಗಾಗುವುದಿಲ್ಲ. ಮೊದಲು ಬಿಳಿ ಗೆರೆ, ಆಮೇಲೆ ಕೆಂಪು, ಐದು ನಿಮಿಷ ಕಳೆಯುವಷ್ಟರಲ್ಲಿ ಬಾಸುಂಡೆಯ ಹಾಗೆ ಅಕ್ಷರವೇ ಎದ್ದು ನಿಂತಿರುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಓದಬಹುದು. ಜೊತೆಗೆ ಉರಿ ಬೆರೆತ ನವೆ. ಅರ್ಧ ಗಂಟೆಗೆ ತಗ್ಗಲು ಶುರುವಾಗಿ, ಒಂದು ಗಂಟೆಯೊಳಗೆ ಸ್ಲೇಟು ಒರೆಸಿದಂತೆ ಸ್ವಚ್ಛ.

ಇದಕ್ಕೆ ವೈದ್ಯರು ಡರ್ಮೋಗ್ರಾಫಿಸಂ ಎನ್ನುತ್ತಾರೆ. ಚರ್ಮದ ಮೇಲಿನ ಬರಹ ಎಂದೇ ಅದರ ಅರ್ಥ. ನಮ್ಮ ಆಡುಮಾತಿನಲ್ಲಿ ಎಲ್ಲ ಬಗೆಯ ಅರ್ಟಿಕೇರಿಯಾಕ್ಕೂ ‘ಪಿತ್ತದ ಗಂದೆ’ ಎಂಬ ಒಂದೇ ಹೆಸರು (ಪಿತ್ತಕೋಶಕ್ಕೂ ಇದಕ್ಕೂ ಸಂಬಂಧವಿಲ್ಲ ಅನ್ನುವುದು ಬೇರೆ ಮಾತು). ಹೆಸರು ಒಂದೇ ಆದ್ದರಿಂದ ಮದ್ದೂ ಒಂದೇ ಅಂದುಕೊಳ್ಳುತ್ತೇವೆ. ಯಾರೋ ‘ನನಗೆ ಈ ಮಾತ್ರೆಯಲ್ಲಿ ಹೋಯಿತು’ ಅಂದರೆ ಅದನ್ನೇ ತಂದು ನುಂಗುತ್ತೇವೆ. ಎಂಟು ವರ್ಷದಿಂದ ಇದರ ಜೊತೆ ಏಗುತ್ತಿರುವ ನಾನು ಕಲಿತದ್ದಿಷ್ಟು: ಮಾತ್ರೆಯ ಹೆಸರಿಗಿಂತ ನಿಮ್ಮ ಗಂದೆ ಯಾವ ಜಾತಿಯದು, ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂಬ ಎರಡು ಪ್ರಶ್ನೆಗಳೇ ಹೆಚ್ಚು ಮುಖ್ಯ. ನಾನು ವೈದ್ಯನಲ್ಲ. ಡೋಸ್ ಏರಿಸುವ, ಇಳಿಸುವ ತೀರ್ಮಾನವನ್ನು ನಿಮ್ಮ ಚರ್ಮವೈದ್ಯರ ಜೊತೆ ಕೂತೇ ಮಾಡಿ.

ಮೊದಲು ಗಡಿಯಾರ ನೋಡಿ

ಒತ್ತಡದಿಂದ ಬರುವ ಗಂದೆಯಲ್ಲಿ ಎರಡು ಬಗೆ. ಉಜ್ಜಿದ, ಕೆರೆದ, ಗೀರಿದ ಕಡೆ ಕೆಲವೇ ನಿಮಿಷಗಳಲ್ಲಿ ಗೆರೆಗೆರೆಯಾಗಿ ಎದ್ದು ಒಂದೆರಡು ಗಂಟೆಯೊಳಗೆ ಹೋಗುವುದು ಡರ್ಮೋಗ್ರಾಫಿಸಂ.

ಎರಡನೆಯದು ತಡವಾಗಿ ಬರುವ ಒತ್ತಡದ ಗಂದೆ. ಅದು ನನ್ನ ಅಕ್ಕನಿಗಿದೆ. ಒಂದು ಭಾನುವಾರ ಏಣಿಯ ಮೇಲೆ ನಿಂತು ಗೋಡೆಗೆ ಬಣ್ಣ ಬಳಿದಳು. ಸಂಜೆಯವರೆಗೆ ಏನೂ ಇರಲಿಲ್ಲ. ರಾತ್ರಿ ಎದ್ದು ನಡೆಯಹೋದರೆ ಅಂಗಾಲು ಊರಲಾಗುತ್ತಿಲ್ಲ. ಏಣಿಯ ಮೆಟ್ಟಿಲು ತಾಗಿದ್ದ ಕಡೆಯೇ ಅಡ್ಡಕ್ಕೆ ಗಟ್ಟಿಯಾಗಿ ಬಾತುಕೊಂಡಿತ್ತು. ನವೆಗಿಂತ ನೋವೇ ಜಾಸ್ತಿ. ಇಳಿಯಲು ಎರಡು ದಿನ ಹಿಡಿಯಿತು. ಈ ಬಗೆಯ ಊತ ಸಾಮಾನ್ಯವಾಗಿ ಒತ್ತಡ ಬಿದ್ದ ನಾಲ್ಕರಿಂದ ಎಂಟು ಗಂಟೆ ಬಿಟ್ಟು ಬರುತ್ತದೆ, ಚರ್ಮದ ಆಳದಲ್ಲಿ ಬರುತ್ತದೆ, ಒಮ್ಮೊಮ್ಮೆ 72 ಗಂಟೆಯವರೆಗೂ ಉಳಿಯುತ್ತದೆ. ಕೆಲವರಿಗೆ ಜೊತೆಯಲ್ಲೇ ಮೈಕೈ ನೋವು, ಜ್ವರ ಬಂದಂಥ ಸುಸ್ತು. ಕಾರಣ ಬೆಳಿಗ್ಗೆ, ಫಲ ರಾತ್ರಿ. ಹಾಗಾಗಿ ಎರಡನ್ನೂ ಜೋಡಿಸಿಕೊಳ್ಳಲು ಅಕ್ಕನಿಗೆ ಆರು ತಿಂಗಳೇ ಬೇಕಾಯಿತು. ಅಷ್ಟು ದಿನವೂ ರಾತ್ರಿ ಏನು ತಿಂದೆ ಎಂದೇ ಹುಡುಕುತ್ತಿದ್ದಳು.

ಆದ್ದರಿಂದ ಮೊದಲ ಹೆಜ್ಜೆ, ಒಂದು ವಾರ ಪುಸ್ತಕದಲ್ಲಿ ಬರೆದಿಡುವುದು. ಎಲ್ಲಿ ಎದ್ದಿತು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಇತ್ತು, ಅದಕ್ಕೂ ಮುಂಚಿನ ಹನ್ನೆರಡು ಗಂಟೆಯಲ್ಲಿ ಆ ಜಾಗಕ್ಕೆ ಏನು ಒತ್ತಿತ್ತು. ಬ್ಯಾಗಿನ ಪಟ್ಟಿ, ಬೆಲ್ಟು, ಕಾಲುಚೀಲದ ಎಲಾಸ್ಟಿಕ್, ಗಟ್ಟಿ ಕುರ್ಚಿ, ಸುತ್ತಿಗೆ ಹಿಡಿ, ಚಪ್ಪಾಳೆ ಕೂಡ. ಫೋಟೊ ತೆಗೆದಿಡಿ. ವೈದ್ಯರ ಮುಂದೆ ಕೂರುವ ಹೊತ್ತಿಗೆ ಗಂದೆ ಇರುವುದೇ ಇಲ್ಲ, ಇದು ಎಲ್ಲರ ಅನುಭವ.

ಆಸ್ಪತ್ರೆಯಲ್ಲಿ ಇದಕ್ಕೆ ಅಳತೆಯ ಪರೀಕ್ಷೆಗಳಿವೆ. ಡರ್ಮೋಗ್ರಾಫಿಸಂಗೆ ಫ್ರಿಕ್‌ಟೆಸ್ಟ್ ಎಂಬ ಪುಟ್ಟ ಪ್ಲಾಸ್ಟಿಕ್ ಬಾಚಣಿಗೆ: ಬೇರೆ ಬೇರೆ ಉದ್ದದ ನಾಲ್ಕು ಹಲ್ಲು, ಎಳೆದು ಹತ್ತು ನಿಮಿಷ ಬಿಟ್ಟು ನೋಡುತ್ತಾರೆ. ಎಷ್ಟು ಹಲ್ಲಿನ ಗೆರೆ ಉಬ್ಬಿತು ಎಂಬುದರ ಮೇಲೆ ತೀವ್ರತೆ. ತಡವಾಗಿ ಬರುವ ಬಗೆಗೆ ಪಟ್ಟಿಯಲ್ಲಿ 7 ಕಿಲೋ ಭಾರ ಕಟ್ಟಿ ಹೆಗಲ ಮೇಲೆ 15 ನಿಮಿಷ ತೂಗುಬಿಡುತ್ತಾರೆ, ಸುಮಾರು ಆರು ಗಂಟೆಯ ನಂತರ ನೋಡುತ್ತಾರೆ. ಪರೀಕ್ಷೆಗೆ ಕೆಲವು ದಿನ ಮುಂಚೆಯೇ ಅಲರ್ಜಿ ಮಾತ್ರೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಎಷ್ಟು ದಿನ ಎಂಬುದನ್ನು ಸಮಯ ಗೊತ್ತುಮಾಡಿಕೊಳ್ಳುವಾಗಲೇ ಕೇಳಿಕೊಳ್ಳಿ.

ಒಂದು ಅನವಶ್ಯಕ ಖರ್ಚು ಉಳಿಸುವ ಮಾತು: ಒತ್ತಿದಲ್ಲಿ ಮಾತ್ರ ಗಂದೆ ಏಳುವವರಿಗೆ ನೂರಾರು ಆಹಾರಗಳ ಅಲರ್ಜಿ ಪರೀಕ್ಷೆಯಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ನಾನು ಮಾಡಿಸಿಕೊಂಡಿದ್ದೇನೆ. ಬಂದ ಪಟ್ಟಿ ನೋಡಿ ಎರಡು ತಿಂಗಳು ಬಾಯಿ ಕಟ್ಟಿದೆ. ತೋಳಿನ ಮೇಲೆ ‘ಕ’ ಎಂದಿನಂತೆ ಏಳುತ್ತಲೇ ಇತ್ತು.

ಮಾತ್ರೆ ಮಾಡುವ ಕೆಲಸ ಏನು

ಚರ್ಮದಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. ನಮ್ಮಂಥವರಲ್ಲಿ ಬರೀ ಉಜ್ಜಿದರೂ ಅವು ಹಿಸ್ಟಮಿನ್ ಎಂಬ ರಾಸಾಯನಿಕ ಉಗುಳುತ್ತವೆ. ಆ ಹಿಸ್ಟಮಿನ್ ಹೋಗಿ ಸಣ್ಣ ರಕ್ತನಾಳಗಳ, ನರದ ತುದಿಗಳ ಎಚ್1 ಗ್ರಾಹಕದ ಮೇಲೆ ಕೂತರೆ ನಾಳ ಹಿಗ್ಗಿ ನೀರು ಜಿನುಗುತ್ತದೆ, ನವೆ ಹತ್ತುತ್ತದೆ. ಆಂಟಿಹಿಸ್ಟಮಿನ್ ಮಾತ್ರೆ ಆ ಗ್ರಾಹಕವನ್ನು ಮೊದಲೇ ಹಿಡಿದು, ಕೆಲಸ ಮಾಡದ ಸ್ಥಿತಿಯಲ್ಲೇ ಕೂರಿಸಿಬಿಡುತ್ತದೆ. ‘ಮೊದಲೇ’ ಎಂಬ ಮಾತನ್ನು ಗಮನಿಸಿ. ಆಗಲೇ ಜಿನುಗಿದ ನೀರನ್ನು ವಾಪಸು ಎಳೆಯುವ ಶಕ್ತಿ ಅದಕ್ಕಿಲ್ಲ. ಗಂದೆ ಎದ್ದ ಮೇಲೆ ಮಾತ್ರೆ ನುಂಗಿ ‘ಒಂದು ಗಂಟೆಯಲ್ಲಿ ಇಳಿಯಿತು’ ಅಂದರೆ, ಡರ್ಮೋಗ್ರಾಫಿಸಂನ ಗಂದೆ ಹೇಗೂ ಒಂದು ಗಂಟೆಯಲ್ಲಿ ಇಳಿಯುತ್ತದೆ! ಮೊದಲ ಎರಡು ವರ್ಷ ನಾನು ಇದೇ ಲೆಕ್ಕ ತಪ್ಪಿಸಿಕೊಂಡು ಒಂದೊಂದು ಮಾತ್ರೆಗೂ ಸರ್ಟಿಫಿಕೇಟು ಕೊಡುತ್ತಿದ್ದೆ.

ಹಳೆಯ ಮಾತ್ರೆಗಳನ್ನು ಪಕ್ಕಕ್ಕಿಡಿ

ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್, ಹೈಡ್ರಾಕ್ಸಿಜಿನ್, ಸೈಪ್ರೊಹೆಪ್ಟಡಿನ್ ಮೊದಲ ತಲೆಮಾರಿನವು. ನವೆ ತಗ್ಗಿಸುತ್ತವೆ, ಸುಳ್ಳಲ್ಲ. ಆದರೆ ಸಲೀಸಾಗಿ ಮಿದುಳಿಗೆ ಹೋಗುತ್ತವೆ. ಮಂಪರು ಮರುದಿನ ಬೆಳಿಗ್ಗೆಯವರೆಗೂ ಎಳೆಯುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು ಬೇರೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರಿಗೆ, ವಯಸ್ಸಾದವರಿಗೆ ಇವು ಒಳ್ಳೆಯವಲ್ಲ. ಹೈಡ್ರಾಕ್ಸಿಜಿನ್ ಹೃದಯದ ಬಡಿತದ ಲಯಕ್ಕೆ ತೊಂದರೆ ಕೊಡಬಹುದೆಂದು ಯುರೋಪಿನ ಔಷಧ ಸಂಸ್ಥೆ 2015ರಲ್ಲಿ ದಿನದ ಮಿತಿಯನ್ನು ದೊಡ್ಡವರಿಗೆ 100 ಮಿ.ಗ್ರಾಂ, ವೃದ್ಧರಿಗೆ 50 ಮಿ.ಗ್ರಾಂಗೆ ಇಳಿಸಿತು.

‘ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದಲ್ಲ’ ಎಂದು ಇವನ್ನು ಇಷ್ಟಪಡುವವರಿದ್ದಾರೆ. ಬರುವುದು ನಿದ್ದೆಯಂತೆ ಕಾಣುವ ಮಂಕು. ಕನಸಿನ ಹಂತದ ನಿದ್ದೆಯನ್ನು ಇವು ಕಡಿತಗೊಳಿಸುತ್ತವೆ. ತಿಂಗಳುಗಟ್ಟಲೆ ದಿನವೂ ನುಂಗಬೇಕಾದ ಕಾಯಿಲೆಗೆ ಇವನ್ನು ಆರಿಸಿಕೊಳ್ಳಲು ನನಗಂತೂ ಕಾರಣ ಕಾಣುವುದಿಲ್ಲ.

ಎರಡನೆಯ ತಲೆಮಾರಿನಲ್ಲಿ ಯಾವುದು?

ಯುರೋಪ್ ಮತ್ತು ಏಷ್ಯಾ-ಪೆಸಿಫಿಕ್ ಅಲರ್ಜಿ ಸಂಘಟನೆಗಳು ಸೇರಿ ಸಿದ್ಧಪಡಿಸಿ 2022ರಲ್ಲಿ ಪ್ರಕಟಿಸಿದ ಗಂದೆಯ ಅಂತಾರಾಷ್ಟ್ರೀಯ ಮಾರ್ಗಸೂಚಿ, ಮಿದುಳಿಗೆ ಕಡಿಮೆ ಹೋಗುವ ಈ ಹೊಸ ಮಾತ್ರೆಗಳಲ್ಲಿ ಒಂದನ್ನು ಎತ್ತಿ ಇನ್ನೊಂದನ್ನು ಇಳಿಸಿಲ್ಲ. ಮುಖಾಮುಖಿ ಹೋಲಿಕೆಯ ಅಧ್ಯಯನಗಳು ಕಡಿಮೆ ಇರುವುದೇ ಕಾರಣ. ಹಾಗೆಂದು ಎಲ್ಲವೂ ಒಂದೇ ಅಚ್ಚಿನವಲ್ಲ. ಆಯ್ಕೆ ನಡೆಯಬೇಕಾದ್ದು ನಿಮ್ಮ ದಿನಚರಿ, ಮೂತ್ರಪಿಂಡ, ಪಿತ್ತಜನಕಾಂಗ, ಬೇರೆ ಔಷಧಗಳ ಲೆಕ್ಕದ ಮೇಲೆ.

ಸೆಟ್ರಿಜಿನ್, 10 ಮಿ.ಗ್ರಾಂ. ಹಳೆಯ ಹೈಡ್ರಾಕ್ಸಿಜಿನ್ ದೇಹದೊಳಗೆ ಒಡೆದು ಆಗುವ ವಸ್ತು ಇದೇ. ಸುಮಾರು ಒಂದು ಗಂಟೆಯೊಳಗೆ ಕೆಲಸ ಶುರು. ಚರ್ಮಕ್ಕೆ ಹಿಸ್ಟಮಿನ್ ಚುಚ್ಚಿ ಏಳುವ ಗುಳ್ಳೆ ಎಷ್ಟು ತಗ್ಗಿತು ಎಂದು ಅಳೆಯುವ ಅಧ್ಯಯನಗಳಲ್ಲಿ ಲೊರಟಡಿನ್‌ಗಿಂತ ಇದು ಮುಂದೆ ನಿಂತಿದೆ. ಎರಡನೆಯ ತಲೆಮಾರಿನದಾದರೂ ಕೆಲವರನ್ನು ತೂಕಡಿಸುತ್ತದೆ. ನಾನು ಆ ಕೆಲವರಲ್ಲೊಬ್ಬ. ರಾತ್ರಿ ತೆಗೆದುಕೊಂಡರೆ ಸಹನೀಯ. ಬಹುಪಾಲು ಮೂತ್ರದ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡ ದುರ್ಬಲವಿದ್ದರೆ ಡೋಸ್ ಕಡಿಮೆ ಮಾಡಬೇಕು.

ಲೆವೊಸೆಟ್ರಿಜಿನ್, 5 ಮಿ.ಗ್ರಾಂ. ಸೆಟ್ರಿಜಿನ್ ಅಣುವಿಗೆ ಎಡಗೈ ಬಲಗೈಯಂತೆ ಎರಡು ರೂಪಗಳಿವೆ. ಕೆಲಸ ಮಾಡುವ ಒಂದನ್ನೇ ಬೇರ್ಪಡಿಸಿದ್ದು ಇದು. ಆದ್ದರಿಂದಲೇ ಅರ್ಧ ತೂಕ. ಸೆಟ್ರಿಜಿನ್‌ನಲ್ಲಿ ಒಂದಿಷ್ಟೂ ಗುಣ ಕಾಣದವರು ಇದಕ್ಕೆ ಬದಲಾಯಿಸಿ ಪವಾಡ ನಿರೀಕ್ಷಿಸಬೇಡಿ.

ಲೊರಟಡಿನ್ 10 ಮಿ.ಗ್ರಾಂ ಮತ್ತು ಅದು ದೇಹದಲ್ಲಿ ಬದಲಾಗಿ ಆಗುವ ಡೆಸ್‌ಲೊರಟಡಿನ್ 5 ಮಿ.ಗ್ರಾಂ. ತೂಕಡಿಕೆ ಕಡಿಮೆ, ಹೊಟ್ಟೆ ಖಾಲಿಯೋ ತುಂಬಿದೆಯೋ ಎಂಬ ರಗಳೆ ಇಲ್ಲ. ಡೆಸ್‌ಲೊರಟಡಿನ್‌ನ ಅರ್ಧಾಯು (ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಹೊತ್ತು) ಸುಮಾರು 27 ಗಂಟೆ, ಸೆಟ್ರಿಜಿನ್‌ನದು ಸುಮಾರು 8. ದಿನಾ ಒಂದೇ ಹೊತ್ತಿಗೆ ಮಾತ್ರೆ ನೆನಪಾಗದವರಿಗೆ ಈ ನಿಧಾನ ಇಳಿಕೆ ಉಪಯೋಗಕ್ಕೆ ಬರುತ್ತದೆ.

ಫೆಕ್ಸೊಫೆನಡಿನ್, 180 ಮಿ.ಗ್ರಾಂ. ಇದರ ಹಿಂದೆ ಒಂದು ಕಥೆಯಿದೆ. ಟರ್ಫೆನಡಿನ್ ಎಂಬ ಮಾತ್ರೆ ನಿದ್ದೆ ತರಿಸದ ಅಲರ್ಜಿ ಮದ್ದೆಂದು ಬಹಳ ಹೆಸರು ಮಾಡಿತ್ತು. ಕೆಲವು ಬೇರೆ ಔಷಧಗಳ ಜೊತೆ ಸೇರಿದಾಗ ಅದು ಒಡೆಯದೆ ರಕ್ತದಲ್ಲಿ ಉಳಿದು, ಹೃದಯದ ಲಯ ಕೆಡಿಸುತ್ತದೆಂದು ತಿಳಿದು 1990ರ ದಶಕದ ಕೊನೆಗೆ ಹಿಂತೆಗೆದುಕೊಂಡರು. ಅದು ದೇಹದಲ್ಲಿ ಒಡೆದ ಮೇಲೆ ಆಗುವ ನಿರಪಾಯದ ವಸ್ತುವೇ ಫೆಕ್ಸೊಫೆನಡಿನ್. ಮಿದುಳಿಗೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ವಾಹನ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು, ಪರೀಕ್ಷೆಗೆ ಓದುವವರು ಮೊದಲು ಇದನ್ನು ಯೋಚಿಸಬಹುದು. ಇದರ ಶತ್ರು ಹಣ್ಣಿನ ರಸ: ಸೇಬು, ಕಿತ್ತಳೆ, ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಚಕ್ಕೋತದಂಥ ಹಣ್ಣು), ಈ ಮೂರರ ರಸವೂ ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಬರೀ ನೀರಿನಲ್ಲಿ ನುಂಗಿ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಸಿಡಿಟಿ ಔಷಧಕ್ಕೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ‘ಫೆಕ್ಸೊ ನನಗೆ ಹತ್ತಲಿಲ್ಲ’ ಅನ್ನುವವರನ್ನು ನಾನು ಮೊದಲು ಕೇಳುವುದು, ಯಾವುದರ ಜೊತೆ ನುಂಗಿದಿರಿ ಎಂದು.

ಬಿಲಾಸ್ಟಿನ್, 20 ಮಿ.ಗ್ರಾಂ. ತೂಕಡಿಕೆ ಬಹಳ ಕಡಿಮೆ, ಪಿತ್ತಜನಕಾಂಗದಲ್ಲಿ ಒಡೆಯುವ ಗೊಡವೆಯೂ ಹೆಚ್ಚಿಲ್ಲ. ಷರತ್ತು ಒಂದೇ, ಹೊಟ್ಟೆ ಖಾಲಿ ಇರಬೇಕು: ಊಟಕ್ಕೆ ಅಥವಾ ಹಣ್ಣಿನ ರಸಕ್ಕೆ ಒಂದು ಗಂಟೆ ಮುಂಚೆ, ಇಲ್ಲವೇ ಎರಡು ಗಂಟೆ ನಂತರ. ನಾನು ಕೊನೆಗೆ ನಿಂತದ್ದು ಇದರ ಮೇಲೆ. ಬೆಳಿಗ್ಗೆ ಎದ್ದ ಕೂಡಲೇ, ಹಲ್ಲುಜ್ಜುವುದಕ್ಕೂ ಮುಂಚೆ. ಮಾತ್ರೆಯ ಪಟ್ಟಿ ಟೂತ್‌ಬ್ರಷ್‌ನ ಲೋಟದಲ್ಲೇ ಇರುತ್ತದೆ.

ಎಬಾಸ್ಟಿನ್ ಮತ್ತು ರುಪಟಡಿನ್ ಎರಡನ್ನೂ ದೇಹ ಪಿತ್ತಜನಕಾಂಗದ ಒಂದೇ ದಾರಿಯಲ್ಲಿ ಒಡೆಯುತ್ತದೆ. ಎರಿಥ್ರೊಮೈಸಿನ್, ಕೀಟೊಕೊನಜೋಲ್‌ನಂಥ ಔಷಧಗಳು ಆ ದಾರಿಯನ್ನು ಕಟ್ಟಿಹಾಕುತ್ತವೆ, ಆದ್ದರಿಂದ ಜೊತೆಯಲ್ಲಿ ಬೇಡ. ಹೃದಯದ ಲಯದ ತೊಂದರೆ ಇದ್ದವರು ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು. ರುಪಟಡಿನ್ ಹಿಸ್ಟಮಿನ್ ಜೊತೆಗೆ ಪಿಎಎಫ್ ಎಂಬ ಇನ್ನೊಂದು ಉರಿಯೂತದ ವಸ್ತುವನ್ನೂ ತಡೆಯುತ್ತದೆ. ಕಾಗದದ ಮೇಲೆ ಆಕರ್ಷಕ. ಚರ್ಮದ ಮೇಲೆ ಎಷ್ಟು ವ್ಯತ್ಯಾಸ ಮಾಡುತ್ತದೆಂಬುದನ್ನು ನಿಮ್ಮ ಪುಸ್ತಕವೇ ಹೇಳಬೇಕು.

ಗರ್ಭಿಣಿಯರಿಗೆ ಮದ್ದು ಬೇಕೇಬೇಕಾದರೆ ವೈದ್ಯರು ಸಾಮಾನ್ಯವಾಗಿ ಲೊರಟಡಿನ್ ಅಥವಾ ಸೆಟ್ರಿಜಿನ್ ಕಡೆ ಹೋಗುತ್ತಾರೆ, ಇವುಗಳ ಬಳಕೆಯ ಅನುಭವ ಹೆಚ್ಚಿದೆ. ಮಕ್ಕಳ ಡೋಸ್ ವಯಸ್ಸು, ತೂಕದ ಮೇಲೆ. ದೊಡ್ಡವರ ಮಾತ್ರೆ ಮುರಿದು ಕೊಡುವ ಅಂದಾಜು ಬೇಡ.

ಒಂದು ಮಾತ್ರೆ, ಎರಡು ವಾರ, ಒಂದೇ ಪೆನ್ನು

ಆರಿಸಿದ ಮಾತ್ರೆಯನ್ನು ಗಂದೆ ಇರಲಿ ಬಿಡಲಿ, ದಿನಾ ಒಂದೇ ಹೊತ್ತಿಗೆ, ಕನಿಷ್ಠ ಎರಡು ವಾರ ತೆಗೆದುಕೊಳ್ಳಿ. ಆ ಎರಡು ವಾರ ಸೋಪು, ಬಟ್ಟೆ, ಆಹಾರ ಯಾವುದನ್ನೂ ಬದಲಾಯಿಸಬೇಡಿ. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಗುಣ ಯಾವುದರದ್ದೆಂದು ಹೇಗೆ ಹೇಳುತ್ತೀರಿ?

ನಿಮ್ಮದು ಡರ್ಮೋಗ್ರಾಫಿಸಂ ಆದರೆ ಮನೆಯಲ್ಲೇ ಅಳೆಯಬಹುದು. ಮಾತ್ರೆ ಶುರು ಮಾಡುವ ಮುನ್ನ ಒಮ್ಮೆ, ಆಮೇಲೆ ಮೂರು ದಿನಕ್ಕೊಮ್ಮೆ, ಅದೇ ಪೆನ್ನು, ಅದೇ ಕೈ, ಅದೇ ಹೊತ್ತು. ಗೀರಿ ಹತ್ತು ನಿಮಿಷಕ್ಕೆ ನೋಡಿ: ಉಬ್ಬಿದೆಯೇ, ಬರೀ ಕೆಂಪೇ, ನವೆ ಇದೆಯೇ? ನನ್ನ ಪುಸ್ತಕದಲ್ಲಿ ಸೆಟ್ರಿಜಿನ್‌ನ ಎರಡನೇ ವಾರ ಹೀಗಿದೆ: ‘ಕ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ, ನವೆ ಇಲ್ಲ, ಮಧ್ಯಾಹ್ನ ನಿದ್ದೆ.’ ಗೆರೆ ಪೂರ್ತಿ ಮಾಯವಾಗಬೇಕೆಂದು ಹಟ ಹಿಡಿಯಬೇಡಿ. ನವೆ ಹೋಗಿ ಕೆಂಪು ಉಳಿದರೆ ಅದು ಗೆಲುವೇ. ಮೈಮೇಲೆ ಬೇರೆ ಕಡೆ ಗಾಯ, ಎಕ್ಸಿಮಾ ಇದ್ದರೆ ಅಲ್ಲಿ ಗೀರಬೇಡಿ.

ವೈದ್ಯರು ಬಳಸುವ ಇನ್ನೊಂದು ಅಳತೆಗೋಲು ಅರ್ಟಿಕೇರಿಯಾ ಕಂಟ್ರೋಲ್ ಟೆಸ್ಟ್. ಹಿಂದಿನ ನಾಲ್ಕು ವಾರದ ಬಗ್ಗೆ ನಾಲ್ಕು ಪ್ರಶ್ನೆ, ಒಟ್ಟು 16 ಅಂಕ. 12 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹತೋಟಿಯಲ್ಲಿದೆ, 16 ಬಂದರೆ ಪೂರ್ಣ ಹತೋಟಿ. ‘ಸ್ವಲ್ಪ ಪರವಾಗಿಲ್ಲ ಡಾಕ್ಟ್ರೇ’ ಅನ್ನುವುದಕ್ಕಿಂತ ‘ಹೋದ ತಿಂಗಳು 7 ಇತ್ತು, ಈಗ 11’ ಅಂದರೆ ಮಾತುಕತೆ ಬೇರೆಯೇ ದಾರಿ ಹಿಡಿಯುತ್ತದೆ.

ಸಾಲದಿದ್ದರೆ

ಎರಡರಿಂದ ನಾಲ್ಕು ವಾರ ಸರಿಯಾಗಿ ತೆಗೆದುಕೊಂಡೂ ಹತೋಟಿಗೆ ಬರದಿದ್ದರೆ ಮಾರ್ಗಸೂಚಿ ಹೇಳುವ ಮುಂದಿನ ಮೆಟ್ಟಿಲು, ಅದೇ ಎರಡನೆಯ ತಲೆಮಾರಿನ ಮಾತ್ರೆಯನ್ನು ನಾಲ್ಕು ಪಟ್ಟಿನವರೆಗೆ ಏರಿಸುವುದು. ಔಷಧದ ಪೊಟ್ಟಣದೊಳಗಿನ ಮಾಹಿತಿ ಚೀಟಿಯಲ್ಲಿ ಈ ಡೋಸ್ ಬರೆದಿರುವುದಿಲ್ಲ, ಆದ್ದರಿಂದ ಇದು ವೈದ್ಯರ ಕೈಯಲ್ಲಿರುವ ಮೆಟ್ಟಿಲು. ಮೂತ್ರಪಿಂಡ, ಹೃದಯ, ಬೇರೆ ಔಷಧಗಳನ್ನು ನೋಡಿಯೇ ಏರಿಸುತ್ತಾರೆ. ಬೆಳಿಗ್ಗೆ ಒಂದು ಕಂಪನಿಯದು, ರಾತ್ರಿ ಇನ್ನೊಂದು ಜಾತಿಯದು ಎಂದು ಕಲಬೆರಕೆ ಮಾಡುವುದನ್ನು ಅದೇ ಮಾರ್ಗಸೂಚಿ ಒಪ್ಪುವುದಿಲ್ಲ. ಮೊದಲ ಮಾತ್ರೆ ತೂಕಡಿಸಿದರೆ ಅಥವಾ ಕಿಂಚಿತ್ತೂ ನಾಟದಿದ್ದರೆ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಬೇರೆ ವಿಷಯ, ಅದು ಸರಿಯೇ.

ಅಕ್ಕನ ಬಗೆಯವರಿಗೆ ಇಲ್ಲಿ ಕಟುವಾದ ಒಂದು ಮಾತು ಹೇಳಬೇಕು. ತಡವಾಗಿ ಬರುವ ಊತದಲ್ಲಿ ಹಿಸ್ಟಮಿನ್ ಒಂದೇ ಆರೋಪಿಯಲ್ಲ. ಉರಿಯೂತದ ಬೇರೆ ಕೋಶಗಳು, ಬೇರೆ ರಾಸಾಯನಿಕಗಳು ಆಮೇಲೆ ಬಂದು ಸೇರಿಕೊಳ್ಳುತ್ತವೆ. ಹಾಗಾಗಿ ಸಾಮಾನ್ಯ ಡೋಸ್‌ನಲ್ಲಿ ಡರ್ಮೋಗ್ರಾಫಿಸಂ ಕೇಳಿದಷ್ಟು ಇದು ಮಾತ್ರೆಯ ಮಾತು ಕೇಳುವುದಿಲ್ಲ. ಏರಿಸಿದ ಡೋಸ್, ಅದೂ ಸಾಲದೆ ಓಮಲಿಜುಮಾಬ್ ಚುಚ್ಚುಮದ್ದಿನವರೆಗೆ ಹೋಗಬೇಕಾಗುವವರು ಈ ಗುಂಪಿನಲ್ಲಿ ಹೆಚ್ಚು. ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ 300 ಮಿ.ಗ್ರಾಂ ಕೊಡುತ್ತಾರೆ. ಕೆಲವರಿಗೆ ಆಸ್ತಮಾಕ್ಕೂ ಬಳಸುವ ಮಾಂಟೆಲುಕಾಸ್ಟ್ ಮಾತ್ರೆಯನ್ನು ಜೊತೆ ಮಾಡುತ್ತಾರೆ. ಮನಸ್ಸಿನ ಮೇಲಿನ ಅದರ ಅಡ್ಡಪರಿಣಾಮಗಳಿಗಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ, ಕೆಟ್ಟ ಕನಸು, ಮಂಕು, ಸಿಡುಕು ಕಂಡರೆ ತಿಳಿಸಿ. ಊತದ ನೋವಿಗೆಂದು ಸ್ವಂತ ನಿರ್ಧಾರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಗಂದೆ ಇರುವವರಲ್ಲಿ ಕೆಲವರಿಗೆ ಇವು ಗಂದೆಯನ್ನೇ ಕೆರಳಿಸುತ್ತವೆ. ಸ್ಟೀರಾಯ್ಡ್ ಮಾತ್ರೆ ಬೇಗ ಇಳಿಸುತ್ತದೆ, ಅದಕ್ಕೇ ಅಪಾಯ. ತಿಂಗಳುಗಟ್ಟಲೆ ನುಂಗುವ ವಸ್ತು ಅದಲ್ಲ.

ಮಾತ್ರೆಯ ಜೊತೆಗೆ ಒತ್ತಡವನ್ನೇ ಕಡಿಮೆ ಮಾಡುವ ಉಪಾಯಗಳಿವೆ. ಅದೇ ಭಾರ ಹೆಚ್ಚು ಅಗಲಕ್ಕೆ ಹಂಚಿದರೆ ಚರ್ಮದ ಮೇಲಿನ ಒತ್ತಡ ಇಳಿಯುತ್ತದೆ. ಎರಡು ಸೆಂಟಿಮೀಟರ್ ಪಟ್ಟಿಯನ್ನು ಆರು ಸೆಂಟಿಮೀಟರ್‌ಗೆ ಬದಲಾಯಿಸಿದರೆ ಒತ್ತಡ ಮೂರನೇ ಒಂದು ಭಾಗ. ಅಕ್ಕ ಈಗ ಅಗಲ ಮೆಟ್ಟಿಲಿನ ಏಣಿ, ದಪ್ಪ ಅಟ್ಟೆಯ ಶೂ ಇಲ್ಲದೆ ಮೇಲೆ ಹತ್ತುವುದಿಲ್ಲ. ನನ್ನ ಬಗೆಯವರಿಗೆ ಸಡಿಲ ಬಟ್ಟೆ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸುವುದು, ಒಣ ಚರ್ಮಕ್ಕೆ ಮಾಯಿಶ್ಚರೈಸರ್. ಚರ್ಮ ಒಣಗಿದರೆ ಕೆರೆತ, ಕೆರೆದರೆ ಗಂದೆ.

ಕಾಯಬಾರದ ಸಂದರ್ಭ

ನಾಲಿಗೆ, ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬೀಳುವಂತಾದರೆ ಮಾತ್ರೆ ಹುಡುಕುತ್ತ ಕೂರಬೇಡಿ, ತುರ್ತು ಚಿಕಿತ್ಸೆಗೆ ಓಡಿ. ಒತ್ತಡ ಬೀಳದ ಕಡೆಯೂ ಗಂದೆಗಳು ಒಂದೇ ಜಾಗದಲ್ಲಿ 24 ಗಂಟೆ ಮೀರಿ ಉಳಿದು, ಹೋಗುವಾಗ ಜಜ್ಜಿದಂಥ ಕಂದು ಕಲೆ ಬಿಟ್ಟರೆ ಅದು ರಕ್ತನಾಳದ ಉರಿಯೂತ ಇರಬಹುದು. ಚರ್ಮದ ತುಣುಕು ತೆಗೆದು ಪರೀಕ್ಷಿಸಬೇಕಾಗುತ್ತದೆ.

ನಿಲ್ಲಿಸುವುದೂ ಒಂದು ಹೆಜ್ಜೆ

ಈ ಬಗೆಯ ಗಂದೆ ವರ್ಷಗಟ್ಟಲೆ ಇದ್ದು ಒಂದು ದಿನ ತಾನಾಗಿ ಹೋಗಬಹುದು. ಮಾತ್ರೆ ನುಂಗುತ್ತಲೇ ಇದ್ದರೆ ಅದು ಹೋದದ್ದೂ ತಿಳಿಯುವುದಿಲ್ಲ. ಆದ್ದರಿಂದ ಕೆಲವು ತಿಂಗಳು ಪೂರ್ಣ ಹತೋಟಿಯಲ್ಲಿದ್ದರೆ ವೈದ್ಯರನ್ನು ಕೇಳಿ ಮೆಲ್ಲಗೆ ಇಳಿಸಿ ನೋಡಿ. ವರ್ಷಗಳಿಂದ ಸೆಟ್ರಿಜಿನ್ ಅಥವಾ ಲೆವೊಸೆಟ್ರಿಜಿನ್ ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ಬಿಡಬೇಡಿ. ದೀರ್ಘಕಾಲ ಬಳಸಿ ನಿಲ್ಲಿಸಿದ ಕೆಲವರಲ್ಲಿ ಕೆಲವೇ ದಿನಗಳಲ್ಲಿ ಮೈಯೆಲ್ಲ ವಿಪರೀತ ನವೆ ಕಾಣಿಸಿಕೊಂಡದ್ದರಿಂದ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಇವೆರಡರ ಬಗ್ಗೆಯೇ ಎಚ್ಚರಿಕೆ ಕೊಟ್ಟಿದೆ. ಅಪರೂಪ, ಆದರೆ ಬಂದವರು ಅದನ್ನು ಹಳೆಯ ಗಂದೆಯೇ ಮರಳಿತೆಂದು ತಿಳಿಯುವುದು ಸಹಜ. ವ್ಯತ್ಯಾಸ ತಿಳಿಯಲು ಪೆನ್ನಿದೆ: ನವೆ ಇದ್ದೂ ಗೀರಿದ ಗೆರೆ ಉಬ್ಬದಿದ್ದರೆ ಅದು ನಿಲ್ಲಿಸಿದ್ದರ ನವೆ ಇರಬಹುದು. ವೈದ್ಯರಿಗೆ ಹಾಗೆಂದೇ ಹೇಳಿ.

ನಾನು ಹೋದ ಬೇಸಿಗೆಯಲ್ಲಿ ಮಾತ್ರೆ ನಿಲ್ಲಿಸಿ ನೋಡಿದೆ. ಆರನೇ ದಿನ ಬೆಳಿಗ್ಗೆ ‘ಕ’ ಎದ್ದಿತು, ಆದರೆ ಹಿಂದಿನಷ್ಟು ಎತ್ತರ ಇರಲಿಲ್ಲ. ಪುಸ್ತಕದಲ್ಲಿ ತಾರೀಖು ಹಾಕಿ, ಲೋಟದಿಂದ ಮಾತ್ರೆ ತೆಗೆದುಕೊಂಡೆ. ಮುಂದಿನ ಪರೀಕ್ಷೆ ಆರು ತಿಂಗಳಿಗೆ.